ಎದುರಾಡುವವಳಲ್ಲ

ಜಯನಗರ ಏಳನೇ ಬ್ಲಾಕ್, ಬೆಂಗಳೂರು
14 ಫೆಬ್ರವರಿ 2025

ಸಭೆಗೆ ನನ್ನ ನಮಸ್ಕಾರಗಳು.

ಜಯನಗರದ ಪಕ್ಕದ ಸಿದ್ದಾಪುರದ ನಮ್ಮ ಸಂಜೆ ಶಾಲೆಗೆ ಈ ಭಾನುವಾರಕ್ಕೆ ಹತ್ತು ವರ್ಷ. ಗೋದಾಮಾಗಿದ್ದ ಕೊಠಡಿಯನ್ನು ಖಾಲಿ ಮಾಡಿಸಿ, ಅದರ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಮತ್ತೆಂದೂ ಅದನ್ನು ಕೇಳದ ಹಿರಿಯರಿಗೆ ಮೊದಲ ವಂದನೆ. ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳು ಹಸಿದಿರುತ್ತಾರೆಂದು ಹತ್ತು ವರ್ಷವೂ ಸಂಜೆ ಆರಕ್ಕೆ ಅವಲಕ್ಕಿ ಕಲಸಿಟ್ಟ ನೆರೆಮನೆಯ ತಾಯಂದಿರಿಗೆ ಎರಡನೆಯ ವಂದನೆ.

ಈ ಪತ್ರವನ್ನು ಓದುತ್ತಿರುವವಳು ಪ್ರಕೃತಿ. ಮೊದಲ ತಂಡದ ವಿದ್ಯಾರ್ಥಿನಿ. ಈಗ ನನ್ನ ಜೊತೆಗೆ ಪಾಠ ಮಾಡುವವಳು. ನಾನು ಸಭೆಯಲ್ಲಿ ಏಕಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹತ್ತನೆಯ ವರ್ಷಕ್ಕೆ ಹಿತವಚನ ಬರೆದುಕೊಡಿ ಎಂದು ಕೇಳಿದಿರಿ. ನನ್ನಲ್ಲಿ ಅದು ಉಳಿದಿಲ್ಲ. ಅದರ ಬದಲು ಕೆಲವು ಪತ್ರಗಳನ್ನು ಕಳಿಸುತ್ತಿದ್ದೇನೆ. ಕಳೆದ ಜೂನಿನಿಂದ ಈ ಜನವರಿಯವರೆಗೆ ನನಗೂ ಭಾಗ್ಯಜ್ಯೋತಿಗೂ ನಡುವೆ ಓಡಾಡಿದ ಪತ್ರಗಳಿವು. ಗುಳೇದಗುಡ್ಡದ ನೇಕಾರಳಾದ ಪಾರವ್ವನ ಮಗಳು ಅವಳು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದುಕೊಂಡು ನಮ್ಮಲ್ಲಿ ಒಂದು ವರ್ಷ ಕಲಿತವಳು. ಜಯನಗರ ನಾಲ್ಕನೇ ಬ್ಲಾಕಿನ ದೊಡ್ಡದೊಂದು ಸೀರೆ ಅಂಗಡಿಗೆ ಅವಳನ್ನು ಸೇರಿಸಿದವಳು ನಾನು. ನನ್ನ ಕಿವಿ ಮಂದವಾದ ಮೇಲೆ ಫೋನು ನಿಷ್ಪ್ರಯೋಜಕವಾಯಿತು. ಕೆಲಸ ಸಿಕ್ಕವರು ನನಗೆ ಕಾಗದ ಬರೆಯಬೇಕೆಂಬುದು ನಮ್ಮ ಶಾಲೆಯ ನಿಯಮವಾಯಿತು.

ಇನ್ನೊಂದು ಸಂಗತಿ ನಿಮಗೆಲ್ಲ ಗೊತ್ತಿರುವುದೇ. ಕೆಲಸಕ್ಕೆ ಹೋಗುವ ಪ್ರತಿ ಹುಡುಗಿಗೂ ನಾನೊಂದು ಪರಿಚಯಪತ್ರ ಬರೆದುಕೊಡುತ್ತೇನೆ. ಅದರ ಕೊನೆಯ ಸಾಲು ಎಲ್ಲರಿಗೂ ಒಂದೇ: "ಇವಳು ಶ್ರದ್ಧೆಯುಳ್ಳವಳು, ಸಹನೆಯುಳ್ಳವಳು, ಎದುರಾಡುವವಳಲ್ಲ." ಆ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಭಾಗ್ಯಜ್ಯೋತಿಯ ಒಪ್ಪಿಗೆ ಪಡೆದೇ ಇವನ್ನು ಓದಿಸುತ್ತಿದ್ದೇನೆ. ಪ್ರಕೃತಿ, ನಾನು ಬರೆದವನ್ನೂ ಬಿಡದೆ ಓದು. ನನಗೆ ನಾಚಿಕೆಯಾಗುವ ಕಡೆಯಲ್ಲಿ ದನಿ ತಗ್ಗಿಸಬೇಡ.

ನಿಮ್ಮ
ವಾರಿಜಾ

*

ಬಿಟಿಎಂ ಲೇಔಟ್
25 ಜೂನ್ 2024, ಮಂಗಳವಾರ

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಇಂದು ವಾರದ ರಜೆ. ಕೆಲಸಕ್ಕೆ ಸೇರಿ ಮೂರು ವಾರವಾಯಿತು. ಅಂಗಡಿಯ ಒಳಗೆ ಕಾಲಿಟ್ಟರೆ ನಮ್ಮೂರಿನ ಎಲ್ಲ ಮಗ್ಗಗಳೂ ಒಂದೇ ಕಡೆ ಸೇರಿ ಮಾತಾಡುತ್ತಿರುವಂತೆ ಅನ್ನಿಸುತ್ತದೆ. ರೇಷ್ಮೆ ವಿಭಾಗದಲ್ಲಿ ಗೋಡೆಯುದ್ದಕ್ಕೂ ಬಿಳಿ ಬಟ್ಟೆ ಹಾಸಿದ ಎತ್ತರದ ಗಾದಿಯಿದೆ. ಅದರ ಮೇಲೆ ಗಂಡಸರು ಕುಳಿತು ಸೀರೆ ಬಿಚ್ಚಿ ತೋರಿಸುತ್ತಾರೆ. ನಾವು ಹೆಣ್ಣುಮಕ್ಕಳು ಕೆಳಗೆ ನಿಂತು, ಕಪಾಟಿನಿಂದ ಸೀರೆ ತಂದುಕೊಡುವುದು, ತೋರಿಸಿದ್ದನ್ನು ಮಡಿಸುವುದು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತು. ಚಪ್ಪಲಿ ಹೊರಗೆ ಬಿಡಬೇಕು; ಒಳಗೆ ಎಲ್ಲರೂ ಬರಿಗಾಲು.

ಮೊದಲ ದಿನ ಗೊತ್ತಿಲ್ಲದೆ ಗಾದಿಯ ಅಂಚಿಗೆ ಕೈ ಊರಿದೆ. ನಮ್ಮ ಮೇಲ್ವಿಚಾರಕರಾದ ಅನಂತರಾಮು ಸಾರ್ ಬಂದರು. ಗದರಲಿಲ್ಲ. "ಅಲ್ಲಿ ಕೈ ಇಡ್ಬೇಡಮ್ಮಾ. ಪ್ರತಿ ಶುಕ್ರವಾರ ಲಕ್ಷ್ಮೀನ ಕೂರ್ಸಿ ಪೂಜೆ ಮಾಡೋ ಜಾಗ ಅದು. ಲೇಡೀಸ್ ಹತ್ತೋ ಹಾಗಿಲ್ಲ. ಮೊದ್ಲಿಂದ್ಲೂ ಹಂಗೇ" ಎಂದರು.

ನನ್ನ ಪಕ್ಕದಲ್ಲಿ ನಿಲ್ಲುವ ಪ್ರಿಯಾಂಕಾ ಜರಗನಹಳ್ಳಿಯವಳು, ಬಾಯಿ ಜೋರು. ಅವರು ಅತ್ತ ಹೋದ ಮೇಲೆ, "ಹಂಗಾದ್ರೆ ಲಕ್ಷ್ಮಿ ಏನ್ ಜೆಂಟ್ಸಾ?" ಎಂದಳು. ನಗು ತಡೆಯಲು ಸೀರೆಯ ಪೆಟ್ಟಿಗೆಯೊಳಗೆ ಮುಖ ಹಾಕಿದೆ.

ನಾನು ಸೇರಿದ ದಿನವೇ ಹುಬ್ಬಳ್ಳಿ ಕಡೆಯ ಗುರುಸಿದ್ದ ಎಂಬವರೂ ಸೇರಿದರು. ಮೊದಲು ಮೊಬೈಲ್ ಅಂಗಡಿಯಲ್ಲಿದ್ದವರು. ಅವರನ್ನು ಗಾದಿಗೆ ಹತ್ತಿಸಿದ್ದಾರೆ. ಪಾಪ, ಸೆರಗು ಯಾವುದು ಒಡಲು ಯಾವುದು ಅವರಿಗೆ ತಿಳಿಯದು. ಗಿರಾಕಿಗಳು ಬಂದಾಗ ಸೀರೆ ಕೊಡುವ ನೆಪದಲ್ಲಿ ನಾನು ಕೆಳಗಿನಿಂದ ಪಿಸುಗುಡುತ್ತೇನೆ, ಅವರು ಮೇಲಿನಿಂದ ಹೇಳುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆಂದು ಮೊನ್ನೆ ಹೇಳಿಕೊಟ್ಟೆ. ಅವರು ಅದನ್ನು ಹೇಳಿದಾಗ ಗಿರಾಕಿ ಮೇಡಂ, "ಎಷ್ಟ್ ತಿಳ್ಕೊಂಡಿದಾರ್ರೀ ಇವ್ರು" ಎಂದರು. ಗುರುಸಿದ್ದ ತಲೆ ತಗ್ಗಿಸಿ, "ಅಕ್ಕಾ, ನನಗ ನಾಚಿಕಿ ಬರಾಕತ್ತೈತಿ" ಎಂದರು.

ದಸರಾಕ್ಕೆ ಇಳಕಲ್ ಮತ್ತು ಖಣದ ಸೀರೆಗಳಿಗೇ ಬೇರೆ ವಿಭಾಗ ಮಾಡುತ್ತಾರಂತೆ. ಅದನ್ನು ನನಗೆ ವಹಿಸುವರೇ ಟೀಚರ್? ನಮ್ಮವ್ವ ಕೂತು ನೇಯ್ದ ಸೀರೆಯನ್ನು ನಾನು ಕೂತು ಬಿಚ್ಚಿ ತೋರಿಸಬೇಕೆಂದು ಆಸೆಯಾಗಿದೆ. ಇದನ್ನು ನಿಮ್ಮೊಬ್ಬರಿಗೇ ಬರೆಯುತ್ತಿದ್ದೇನೆ.

ಕಾಲು ನೋಯುತ್ತವೆ. ಹೊಸತಲ್ಲವೇ, ಒಗ್ಗಿಕೊಳ್ಳುತ್ತವೆ.

ನಿಮ್ಮ ವಿಧೇಯ ವಿದ್ಯಾರ್ಥಿನಿ
ಭಾಗ್ಯಜ್ಯೋತಿ

*

ಜಯನಗರ
2 ಜುಲೈ 2024

ಚಿ. ಭಾಗ್ಯಜ್ಯೋತಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ಮನಸ್ಸು ತುಂಬಿತು. ಅನಂತರಾಮು ಅವರನ್ನು ನಾನು ಇಪ್ಪತ್ತು ವರ್ಷಗಳಿಂದ ಬಲ್ಲೆ. ಅವರ ಮಗಳು ಸುರಭಿ ನನ್ನ ಕೈಯಲ್ಲಿ ಅಕ್ಷರ ತಿದ್ದಿದವಳು. ನಮ್ಮ ಹನ್ನೊಂದು ಹುಡುಗಿಯರಿಗೆ ಅವರು ಕೆಲಸ ಕೊಟ್ಟಿದ್ದಾರೆ. "ಮೇಡಂ, ನಿಮ್ಮ ಹುಡುಗೀರು ಅಂದ್ರೆ ನಾನ್ ಇಂಟರ್ವ್ಯೂನೇ ಮಾಡಲ್ಲ" ಎನ್ನುತ್ತಾರೆ. ಅಂತಹವರು ಯೋಗ್ಯತೆಯನ್ನು ಗುರುತಿಸದೆ ಇರುವುದಿಲ್ಲ.

ಗಾದಿಯ ವಿಷಯಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡ. ಹಳೆಯ ಅಂಗಡಿಗಳಲ್ಲಿ ಹಳೆಯ ಪದ್ಧತಿಗಳಿರುತ್ತವೆ. ನಾನೂ ಮೂವತ್ತನಾಲ್ಕು ವರ್ಷ ನಿಂತೇ ಪಾಠ ಮಾಡಿದವಳು. ಮನೆಗೆ ಹೋದ ಮೇಲೆ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಪಾದ ಇಳಿಬಿಡು.

ಪತ್ರದಲ್ಲಿ ಎರಡು ಕಾಗುಣಿತ ದೋಷಗಳಿದ್ದವು. ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ.

ಶುಭವನ್ನು ಹಾರೈಸುವ
ವಾರಿಜಾ

*

ಬಿಟಿಎಂ ಲೇಔಟ್
20 ಆಗಸ್ಟ್ 2024, ಮಂಗಳವಾರ

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ವರಮಹಾಲಕ್ಷ್ಮಿ ಹಬ್ಬ ಮುಗಿಯಿತು. ಹಬ್ಬದ ಮುಂಚಿನ ಎರಡು ವಾರ ರಜೆ ಇರಲಿಲ್ಲ. ಅದಕ್ಕೇ ಬರೆಯಲಾಗಲಿಲ್ಲ, ಕ್ಷಮಿಸಿ.

ಕಾಲುಗಳು ಒಗ್ಗಿಕೊಳ್ಳಲಿಲ್ಲ ಟೀಚರ್. ಮಧ್ಯಾಹ್ನ ಮೂರರ ಹೊತ್ತಿಗೆ ಎಡಗಾಲು ಊದಿ ಕಾಲ್ಗೆಜ್ಜೆ ಚರ್ಮದೊಳಗೆ ಹೂತುಕೊಳ್ಳುತ್ತದೆ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದೇವೆ. ಹೆಂಗಸರ ಶೌಚಾಲಯ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟು ಗಿರಾಕಿಗಳಿಗೆ ಮಾತ್ರ, ಹೋಗುವ ಮೊದಲು ಸಾರ್ ಅವರನ್ನು ಕೇಳಬೇಕು. ಎಲ್ಲರೆದುರು ಕೇಳಲು ನಾಚಿಕೆ. ಸೀರೆಯ ದಾಸ್ತಾನು ಕೋಣೆಯಲ್ಲಿ ಎರಡು ನಿಮಿಷ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತರೆ ಕ್ಯಾಮೆರಾದಲ್ಲಿ ಕಾಣುತ್ತದೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ.

ಹಬ್ಬದ ಹಿಂದಿನ ದಿನ ಸೇಲಂನಿಂದ ಬಂದಿದ್ದ ಒಬ್ಬ ವಯಸ್ಸಾದ ತಾಯಿ ನನ್ನ ಕಾಲು ನೋಡಿ, "ಎಂಗ ಊರ್ಲ ಅಂಗಡೀಲಿ ನಿಲ್ಲೋ ಹುಡುಗೀರಿಗೆ ಸ್ಟೂಲ್ ಕೊಡ್ಲೇಬೇಕು, ಲಾ ಇದೆಮ್ಮಾ" ಎಂದರು. ಆ ಮಾತು ಕಿವಿಯಲ್ಲಿ ಉಳಿಯಿತು. ಏಳು ಜನ ಹೆಣ್ಣುಮಕ್ಕಳು ಸೇರಿ ಒಂದು ಅರ್ಜಿ ಬರೆದೆವು. ಗಿರಾಕಿಗಳು ಇಲ್ಲದಿರುವಾಗ ಕೂರಲು ಏಳು ಸ್ಟೂಲು ಕೊಡಿ ಎಂದಷ್ಟೇ. ಬರೆದವಳು ನಾನು. ನೀವು ಕಲಿಸಿದ ಹಾಗೆಯೇ ಬರೆದೆ.

ಅನಂತರಾಮು ಸಾರ್ ನಮ್ಮೆಲ್ಲರನ್ನೂ ದಾಸ್ತಾನು ಕೋಣೆಗೆ ಕರೆದರು. ಕೈಯಲ್ಲಿ ನನ್ನ ಫೈಲು ಇತ್ತು. ನೀವು ಕೊಟ್ಟ ಪರಿಚಯಪತ್ರವನ್ನು ತೆಗೆದು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. "ನೋಡಮ್ಮಾ, ವಾರಿಜಾ ಮೇಡಂ ಕೈಯಾರೆ ಬರ್ದಿರೋದು. ಎದುರಾಡುವವಳಲ್ಲ ಅಂತ. ಅವ್ರೇನು ಸುಳ್ಳು ಬರೀತಾರಾ?" ಎಂದರು. ಪತ್ರವನ್ನು ನನ್ನ ಮುಂದೆ ಹಿಡಿದರು. "ನೀನೇ ಹೇಳು. ಅವ್ರು ಸುಳ್ಳಾ, ನೀನು ಸುಳ್ಳಾ?"

ನಾನೇ ಸುಳ್ಳು ಸಾರ್ ಎಂದೆ.

ಏಳು ಜನರಲ್ಲಿ ನಾಲ್ವರು ಅಲ್ಲೇ ತಮ್ಮ ಸಹಿಯ ಮೇಲೆ ಗೆರೆ ಎಳೆದು ಹೊಡೆದುಹಾಕಿದರು. ಆ ನಾಲ್ವರೂ ನಮ್ಮ ಶಾಲೆಯವರು. ಅವರ ಫೈಲುಗಳಲ್ಲೂ ಅದೇ ಸಾಲಿದೆ.

ಟೀಚರ್, ನಿಮ್ಮಲ್ಲಿ ಒಂದು ಪ್ರಾರ್ಥನೆ. ಆ ಒಂದು ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಅವರಿಗೆ ಒಂದು ಕಾಗದ ಬರೆಯುವಿರಾ? ಬೇರೇನೂ ಬರೆಯುವುದು ಬೇಡ. ಮುಂದಿನದನ್ನು ನಾವು ಕೇಳಿಕೊಳ್ಳುತ್ತೇವೆ.

ನಿಮ್ಮ ವಿಧೇಯ ವಿದ್ಯಾರ್ಥಿನಿ
ಭಾಗ್ಯಜ್ಯೋತಿ

*

ಜಯನಗರ
26 ಆಗಸ್ಟ್ 2024

ಚಿ. ಭಾಗ್ಯಜ್ಯೋತಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಿನ್ನ ನೋವು ನನಗೆ ತಿಳಿಯದೆ ಇಲ್ಲ. ಆದರೆ ಮಗು, ಕೊಟ್ಟ ಮಾತನ್ನು ಬರವಣಿಗೆಯಲ್ಲಿ ಹಿಂತೆಗೆದುಕೊಂಡರೆ ನಾಳೆ ನಾನು ಕಳಿಸುವ ಹುಡುಗಿಯರನ್ನು ಅವರು ಹೇಗೆ ನಂಬಿಯಾರು? ಈ ತಂಡದಲ್ಲಿ ಹದಿನಾಲ್ಕು ಜನರಿದ್ದಾರೆ. ನಿನ್ನ ಹಾಗೆ ಊರು ಬಿಟ್ಟು ಬಂದವರೇ ಹೆಚ್ಚು. ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತೆರೆಸಲು ನನ್ನ ವಯಸ್ಸಿನಲ್ಲಿ ಶಕ್ತಿಯಿಲ್ಲ.

ಇದು ಹಬ್ಬಗಳ ಕಾಲ. ಅಂಗಡಿಯವರ ಮನಸ್ಸೂ ಬಿಗಿಯಾಗಿರುತ್ತದೆ. ದೀಪಾವಳಿ ಮುಗಿಯಲಿ. ನಾನೇ ಖುದ್ದಾಗಿ ಬಂದು ಅನಂತರಾಮು ಅವರ ಬಳಿ ಮಾತಾಡುತ್ತೇನೆ. ಅಲ್ಲಿಯವರೆಗೆ ಅರ್ಜಿ, ಸಹಿ ಇವೆಲ್ಲ ಬೇಡ. ಇಳಕಲ್ ವಿಭಾಗ ನಿನಗೆ ಬರಬೇಕೆಂದಿದ್ದರೆ ಈ ಎರಡು ತಿಂಗಳು ಮುಖ್ಯ.

ಇದರ ಜೊತೆಗೆ ಒಂದು ಜೊತೆ ಕ್ಯಾನ್ವಾಸ್ ಬೂಟು ಕಳಿಸಿದ್ದೇನೆ. ಅಡಿ ಮೆತ್ತಗಿದೆ. ಅಂಗಡಿಯಲ್ಲಿ ಇವನ್ನೇ ಹಾಕಿಕೊಂಡು ನಿಲ್ಲು, ನೋವು ಕಡಿಮೆಯಾಗುತ್ತದೆ.

ಶುಭವನ್ನು ಹಾರೈಸುವ
ವಾರಿಜಾ

*

ಬಿಟಿಎಂ ಲೇಔಟ್
15 ಅಕ್ಟೋಬರ್ 2024, ಮಂಗಳವಾರ

ಪೂಜ್ಯ ಗುರುಗಳಾದ ಶ್ರೀಮತಿ ವಾರಿಜಾ ಅವರ ಪಾದಾರವಿಂದಗಳಿಗೆ ಭಕ್ತಿಪೂರ್ವಕ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ವಿಜಯದಶಮಿಯಂದು ಅಂಗಡಿಯಲ್ಲಿ ಹೊಸ ವಿಭಾಗದ ಪೂಜೆ ನೆರವೇರಿತು. ಎಲ್ಲರಿಗೂ ಸಿಹಿ ಹಂಚಲಾಯಿತು. ದೀಪಾವಳಿಗಾಗಿ ಹೊಸ ಸೀರೆಗಳು ಬಂದಿವೆ. ತಾವು ಕಳಿಸಿದ ಬೂಟುಗಳು ಚೆನ್ನಾಗಿವೆ. ತಾವು ಹೇಳಿದಂತೆ ಸಹನೆಯಿಂದ ಇದ್ದೇನೆ. ತಮ್ಮ ಆರೋಗ್ಯದ ಕಡೆ ಗಮನವಿರಲಿ.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ
ಭಾಗ್ಯಜ್ಯೋತಿ

*

ಜಯನಗರ
20 ಅಕ್ಟೋಬರ್ 2024

ಚಿ. ಭಾಗ್ಯಜ್ಯೋತಿಗೆ ಆಶೀರ್ವಾದಗಳು.

ಎಂಥ ಪತ್ರ ಬರೆದಿದ್ದೀಯೆ! ಒಂದೇ ಒಂದು ದೋಷವಿಲ್ಲ. ನಿನ್ನೆ ತರಗತಿಯಲ್ಲಿ ಅದನ್ನು ಓದಿಸಿ, ಪತ್ರವೆಂದರೆ ಹೀಗಿರಬೇಕು ಎಂದು ಹೇಳಿದೆ. ಹೊಸ ವಿಭಾಗದ ಪೂಜೆಯಾಯಿತೆಂದು ಬರೆದವಳು ಅದನ್ನು ಯಾರಿಗೆ ವಹಿಸಿದರೆಂದು ಬರೆದಿಲ್ಲ. ಸಂಕೋಚ ಎಂದುಕೊಂಡೆ. ನನಗೆ ಅರ್ಥವಾಗುತ್ತದೆ, ಸಂತೋಷವಾಗಿದೆ.

ಮುಂದಿನ ಸೋಮವಾರ ನಮ್ಮ ಸಿರಿ ನಿಮ್ಮ ಅಂಗಡಿಗೇ ಸೇರುತ್ತಾಳೆ. ಇಟ್ಟಮಡುವಿನ ಹುಡುಗಿ, ಇನ್ನೂ ಹತ್ತೊಂಬತ್ತು. ಪರಿಚಯಪತ್ರ ಬರೆದುಕೊಟ್ಟಿದ್ದೇನೆ. ಅವಳ ಕೈ ಹಿಡಿದು ನಡೆಸು.

ಶುಭವನ್ನು ಹಾರೈಸುವ
ವಾರಿಜಾ

*

ಜರಗನಹಳ್ಳಿ
9 ನವೆಂಬರ್ 2024

ವಾರಿಜಾ ಮೇಡಂ ಅವರಿಗೆ,

ನಾನು ಪ್ರಿಯಾಂಕಾ. ಭಾಗ್ಯ ಜೊತೆ ಕೆಲಸ ಮಾಡ್ತಿದ್ದೆ. ನಾನು ನಿಮ್ಮ ಸ್ಟೂಡೆಂಟ್ ಅಲ್ಲ, ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಕ್ಷಮಿಸಿ. ಭಾಗ್ಯ ಬರೀಬೇಡ ಅಂದ್ಲು. ಆದ್ರೂ ಬರೀತಿದೀನಿ.

ಇಳಕಲ್ ಸೆಕ್ಷನ್ ಅವಳಿಗೆ ಕೊಡಲಿಲ್ಲ ಮೇಡಂ. ಗುರುಸಿದ್ದನಿಗೆ ಕೊಟ್ರು. ಪೂಜೆ ದಿನ ಅವನೇ ಎಲ್ಲರ ಎದುರು, "ಸಾರ್, ಅಕ್ಕಗ ಕೊಡ್ರಿ. ನನಗ ಗೊತ್ತಿರೂದೆಲ್ಲಾ ಅಕ್ಕ ಕಲಿಸಿದ್ದು" ಅಂದ. ಅನಂತರಾಮು ಸಾರ್ ನಕ್ಕರು. "ಸೀರೆ ಉಟ್ಕೊಂಡು ಗಾದಿ ಹತ್ತಿ ಇಳಿದು ಮಾಡಕ್ಕಾಗುತ್ತೇನೋ ಹುಚ್ಚಾ? ತಿಂಗಳಲ್ಲಿ ಮೂರು ದಿನ ಏನ್ ಮಾಡ್ತಾಳೆ?" ಅಂದ್ರು. ಅವಳು ಅಲ್ಲೇ ನಿಂತು ಪೇಡ ಹಂಚ್ತಿದ್ಲು. ಎಲ್ಲರಿಗೂ ಕೊಟ್ಟು ಮುಗಿಸಿ ಕೆಳಗೆ ಹೋದ್ಲು.

ದೀಪಾವಳಿ ವಾರ ರಜೆ ಕ್ಯಾನ್ಸಲ್. ಶನಿವಾರದಿಂದ ಅವಳ ಎಡಗಾಲು ಕೆಂಪಗಾಗಿ ಬಿಸಿ ಇತ್ತು. ಗೆಜ್ಜೆ ಬಿಚ್ಚಕ್ಕೆ ಆಗ್ಲಿಲ್ಲ, ನಾನೇ ಪ್ಲೈಯರ್ ತಂದು ಕತ್ತರಿಸಿದೆ. ಮನೆಗೆ ಹೋಗ್ತೀನಿ ಅಂತ ಕೇಳು ಅಂದೆ. "ದೀಪಾವಳಿ ಮುಗೀಲಿ, ಟೀಚರ್ ಬರ್ತಾರೆ" ಅಂದ್ಲು.

ಮಂಗಳವಾರ ಮಧ್ಯಾಹ್ನ ನಾಲ್ಕು ಗಂಟೆ. ಸೀರೆ ಎತ್ತಿ ಕೊಡ್ತಾ ಕೊಡ್ತಾ ಉಸಿರು ಬರ್ತಿಲ್ಲ ಅಂದ್ಲು. ಹಂಗೇ ಕುಸಿದ್ಲು. ಗುರುಸಿದ್ದ ಹಾರಿ ಇಳಿದು ಅವಳನ್ನ ಎತ್ತಿ ಗಾದಿ ಮೇಲೆ ಮಲಗಿಸಿದ. ಸಾರ್ ಓಡಿ ಬಂದು, "ಏಯ್, ಅಲ್ಲಿ ಬೇಡ, ಕೆಳಗೆ ಮಲಗ್ಸೋ" ಅಂದ್ರು. ಗುರುಸಿದ್ದ ತಿರುಗಿ ನೋಡಿದ ಅಷ್ಟೇ. ಇಳಿಸಲಿಲ್ಲ. ಅವಳಿಗೆ ಎಚ್ಚರ ಇತ್ತು ಮೇಡಂ. ಬಿಳಿ ಬಟ್ಟೆಯನ್ನ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡ್ತಿದ್ಲು.

ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಶ್ವಾಸಕೋಶಕ್ಕೆ ಹೋಗಿದೆ ಅಂದ್ರು ಡಾಕ್ಟ್ರು. ಎಷ್ಟು ಹೊತ್ತು ನಿಂತಿರ್ತೀಯಮ್ಮಾ, ನೀರು ಕುಡೀತೀಯಾ ಅಂತ ಕೇಳಿದ್ರು. ಹತ್ತು ದಿನ ಇಟ್ಕೊಂಡ್ರು. ಜೀವ ಉಳೀತು. ಇನ್ನು ನಿಂತು ಮಾಡೋ ಕೆಲಸ ಬೇಡ ಅಂತ ಬರೆದುಕೊಟ್ಟಿದಾರೆ. ಆ ಚೀಟಿ ತೋರಿಸಿದ್ರೆ ಅಂಗಡಿಯವರು, ನಮ್ಮಲ್ಲಿ ಕೂತು ಮಾಡೋ ಕೆಲಸ ಲೇಡೀಸ್‌ಗೆ ಇಲ್ವಲ್ಲ ಅಂದ್ರು. ನಿನ್ನೆ ಅವರಮ್ಮ ಬಂದು ಊರಿಗೆ ಕರ್ಕೊಂಡು ಹೋದ್ರು. ಗುರುಸಿದ್ದ ಕೆಲಸ ಬಿಟ್ಟ. ನಾನೂ ಬಿಟ್ಟೆ.

ಸಿರಿ ಅನ್ನೋ ಹುಡುಗಿ ಈಗ ಭಾಗ್ಯ ನಿಲ್ತಿದ್ದ ಜಾಗದಲ್ಲಿ ನಿಲ್ತಾಳೆ.

ಪ್ರಿಯಾಂಕಾ

*

ಜಯನಗರ
25 ನವೆಂಬರ್ 2024

ಭಾಗ್ಯಜ್ಯೋತಿ,

ಹೋದ ವಾರವೂ ಒಂದು ಪತ್ರ ಬರೆದಿದ್ದೆ, ನೀನು ಉತ್ತರಿಸಲಿಲ್ಲ. ಉತ್ತರಿಸಬೇಕಾಗಿಲ್ಲ. ಇದನ್ನು ಓದಿದರೆ ಸಾಕು.

ಪ್ರಿಯಾಂಕಾಳ ಪತ್ರ ಬಂದ ಮರುದಿನ ಅಂಗಡಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ನೆಲ ಪಾದಕ್ಕೆ ತಣ್ಣಗೆ ತಾಗಿತು. ನೀನು ಜೂನಿನಲ್ಲೇ ಬರೆದಿದ್ದೆ, ಒಳಗೆ ಎಲ್ಲರೂ ಬರಿಗಾಲು ಎಂದು. ನಾನು ನಿನ್ನ ಪತ್ರದಲ್ಲಿ ಕಾಗುಣಿತ ನೋಡಿದೆ, ಪತ್ರವನ್ನು ನೋಡಲಿಲ್ಲ. ಬೂಟು ಕಳಿಸಿದೆ.

ಅನಂತರಾಮು ಅವರು ನನ್ನನ್ನು ಕಂಡೊಡನೆ, "ಬನ್ನಿ ಮೇಡಂ, ಬನ್ನಿ. ಏಯ್, ಮೇಡಂಗೆ ಕುರ್ಚಿ ತಗೊಂಬನ್ನಿ" ಎಂದರು. ಕುರ್ಚಿ ಹೊತ್ತು ತಂದವಳು ಸಿರಿ. ನನ್ನ ಮುಖ ನೋಡಿ ಸಂಭ್ರಮದಿಂದ ನಕ್ಕಳು. ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡಳು.

ನಾನು ಕೂರಲಿಲ್ಲ. ಹೇಳಬೇಕಾದ್ದನ್ನು ನಿಂತೇ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ನನಗೆ ಕೇಳಲೆಂದು ತಮ್ಮ ಉತ್ತರವನ್ನು ಗಟ್ಟಿಯಾಗಿ ಹೇಳಿದರು. "ಮೇಡಂ, ನಾನೇನ್ ಬಲವಂತ ಮಾಡಿದ್ನಾ? ಆಗಲ್ಲ ಅಂತ ಒಂದ್ ಮಾತು ಹೇಳ್ಲಿಲ್ಲ ಆ ಹುಡ್ಗಿ. ನಿಮ್ ಹುಡ್ಗೀರನ್ನ ನಾವು ತಗೊಳ್ಳೋದೇ ಅದಕ್ಕಲ್ವಾ? ಹೊರಗಡೆಯವ್ರಾದ್ರೆ ಎರಡು ತಿಂಗಳಿಗೆ ಸ್ಟೂಲ್ ಕೇಳ್ತಾರೆ."

ನಮ್ಮ ಶಾಲೆಯ ಹೆಸರಿಗೆ ಆ ಅಂಗಡಿಯಲ್ಲಿ ಏನರ್ಥವೆಂದು ಹತ್ತು ವರ್ಷಗಳ ಮೇಲೆ ನನಗೆ ತಿಳಿಯಿತು.

ಆಮೇಲೆ ನಾನು ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಹೇಗಿರುತ್ತದೆಂದು ನೋಡಬೇಕಿತ್ತು. ಹನ್ನೊಂದಕ್ಕೆ ನಿಂತವಳು ಒಂದೂ ಮುಕ್ಕಾಲಕ್ಕೆ ಕಪಾಟು ಹಿಡಿದೆ. ತರಗತಿಯಲ್ಲಿ ಮೂವತ್ತನಾಲ್ಕು ವರ್ಷ ನಿಂತೆನೆಂದು ನಿನಗೆ ಬರೆದಿದ್ದೆನಲ್ಲ, ಅಲ್ಲಿ ನನ್ನ ಬೆನ್ನ ಹಿಂದೆ ಸದಾ ಒಂದು ಕುರ್ಚಿ ಇರುತ್ತಿತ್ತು. ಬೇಕೆಂದಾಗ ಕೂರುತ್ತಿದ್ದೆ. ನಿನಗೆ ಬರೆಯುವಾಗ ಅದು ನೆನಪಾಗಲಿಲ್ಲ.

ಮನೆಗೆ ಬಂದು ಆ ಸಾಲನ್ನು ಹಿಂತೆಗೆದುಕೊಂಡ ಪತ್ರ ಬರೆದು ಅವರಿಗೆ ಅಂಚೆಗೆ ಹಾಕಿದೆ. ಆಗಸ್ಟ್ ಇಪ್ಪತ್ತಾರರಂದು ಬರೆಯಬೇಕಿದ್ದ ಪತ್ರ. ಬರೆಯಲು ಹತ್ತು ನಿಮಿಷ ಹಿಡಿಯಿತು.

ವಾರಿಜಾ

*

ಗುಳೇದಗುಡ್ಡ
21 ಜನವರಿ 2025

ಟೀಚರ್ ಅವರಿಗೆ ನಮಸ್ಕಾರಗಳು.

ನೀವು ಬರೆದ ಪತ್ರಗಳನ್ನೆಲ್ಲ ಈ ಕಟ್ಟಿನಲ್ಲಿ ವಾಪಸು ಕಳಿಸುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಮನೆಯಲ್ಲಿಟ್ಟುಕೊಂಡರೆ ಮತ್ತೆ ಮತ್ತೆ ಓದುತ್ತೇನೆ. ನನ್ನ ಪತ್ರಗಳು ನಿಮ್ಮ ಹತ್ತಿರ ಇವೆ. ಎರಡನ್ನೂ ಸೇರಿಸಿ ಮುಂದಿನ ಹುಡುಗಿಯರಿಗೆ ಓದಿಸಿ. ನನ್ನ ಹೆಸರು ಹೇಳಬಹುದು.

ಬೂಟುಗಳೂ ಕಟ್ಟಿನಲ್ಲಿವೆ. ಹೊಸದಾಗಿಯೇ ಇವೆ. ಯಾರಿಗಾದರೂ ಆದಾವು.

ಮಗ್ಗಕ್ಕೆ ಕೂತು ನೋಡಿದೆ. ನಮ್ಮದು ಕುಣಿ ಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಎಡಗಾಲು ಸ್ವಲ್ಪ ಹೊತ್ತಿಗೇ ಊದಿ ಕಲ್ಲಾಗುತ್ತದೆ. ನಮ್ಮವ್ವ ತುಳಿಯುತ್ತಾಳೆ. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತು ಒಡಲಿಗೂ ಸೆರಗಿಗೂ ಕೊಂಡಿ ಹಾಕುತ್ತೇನೆ. ಅವ್ವ ಏನೂ ಕೇಳುವುದಿಲ್ಲ. ಊಟಕ್ಕೆ ಕರೆಯುವಾಗ ಮಾತ್ರ, "ಏಳಬ್ಯಾಡ, ಕುಂತಿರು, ತರತೇನಿ" ಎನ್ನುತ್ತಾಳೆ. ದಿನಕ್ಕೆ ಮೂರು ಸಲ ಆ ಮಾತು ಕೇಳಿಸಿಕೊಳ್ಳುತ್ತೇನೆ.

ಅಕ್ಟೋಬರ್ ಹದಿನೈದರಂದು ನಿಮಗೆ ಎರಡು ಪತ್ರ ಬರೆದಿದ್ದೆ. ನೀವು ತರಗತಿಯಲ್ಲಿ ಓದಿಸಿದ್ದು ಒಂದು. ಇನ್ನೊಂದು ಇದರ ಹಿಂದಿದೆ. ಅದರಲ್ಲಿ ತಪ್ಪುಗಳು ಬಹಳ.

ಭಾಗ್ಯಜ್ಯೋತಿ

*

15 ಅಕ್ಟೋಬರ್ 2024

ಅಕ್ಕೋರ,

ನಮ್ಮೂರ ಸಾಲ್ಯಾಗ ಟೀಚರಿಗೆ ಹಿಂಗ ಕರೀತೇವ್ರಿ. ಇವತ್ತ ನಿಮ್ಮನ್ನ ಹಂಗ ಕರೀಬೇಕನಸೇತಿ.

ಗಾದಿ ನನಗ ಕೊಡಲಿಲ್ರಿ. ನಾ ಅತ್ತಿಲ್ಲ. ಕಾಲು ಭಾಳ ಬ್ಯಾನಿ ಆಗೇತ್ರಿ ಅಕ್ಕೋರ. ರಾತ್ರಿ ಮಲಗಿದ್ರೂ ನಿಂತಂಗ ಅನಸ್ತೈತಿ. ಕನಸಿನ್ಯಾಗೂ ನಿಂತಿರ್ತೇನಿ. ನನಗ ಅಂಜಿಕಿ ಬರಾಕತ್ತೈತಿ. ಬಿಟ್ಟು ಹೋಗ್ತೇನಿ ಅಂದ್ರ ನಿಮ್ಮ ಮಾತು ಸುಳ್ಳಾಗ್ತೈತಿ. ನಿಮ್ಮ ಹದಿನಾಲ್ಕು ಹುಡುಗ್ಯಾರ ಬಾಗಲಾ ಮುಚ್ಚತೈತಿ. ಅದಕ ನಿಂತೇನ್ರಿ.

ದೀಪಾವಳಿ ತನಕಾ ಬ್ಯಾಡ್ರಿ. ಈಗ ಬರ್ರಿ. ಬಂದು ಒಂದ ಮಾತು ಅನ್ರಿ ಅಕ್ಕೋರ. ಕುಂದರು ಅನ್ರಿ. ನೀವು ಅಂದ್ರ ನಾ ಕುಂದರತೇನಿ.

ಭಾಗ್ಯ

*

ಸಭೆಗೆ ನನ್ನ ಮಾತಿನ ಉಳಿದ ಭಾಗ.

ಪ್ರಕೃತಿ, ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ಆ ಎರಡನೆಯ ಪತ್ರವನ್ನು ನಾನು ತಿದ್ದಿಲ್ಲ. ಇನ್ನು ಯಾರ ಪತ್ರವನ್ನೂ ತಿದ್ದುವುದಿಲ್ಲ. ಮೂವತ್ತನಾಲ್ಕು ವರ್ಷದ ನೌಕರಿ, ಹತ್ತು ವರ್ಷದ ಸಂಜೆ ಶಾಲೆ, ಇಷ್ಟರಲ್ಲಿ ಹೆಣ್ಣುಮಕ್ಕಳಿಗೆ ಕಲಿಸಬೇಕಾದ ಒಂದು ವಾಕ್ಯವನ್ನು ನಾನು ಕಲಿಸಲಿಲ್ಲ. ಅದನ್ನು ತಾನಾಗಿಯೇ ಕಲಿತು ಹೇಳಲು ಹೊರಟವಳ ಬಾಯಿಗೆ ನನ್ನ ಸಾಲನ್ನು ಅಡ್ಡವಿಟ್ಟೆ. ನಿಮ್ಮಲ್ಲಿ ನಲವತ್ತಮೂರು ಜನರ ಫೈಲುಗಳಲ್ಲಿ ಇಂದಿಗೂ ಆ ಸಾಲಿದೆ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಕ್ಷಮಿಸುವುದು ನಿಮಗೆ ಬಿಟ್ಟದ್ದು. ಅವಳು ಕ್ಷಮಿಸಿದ್ದಾಳೆಂದು ನಾನು ಎಂದೂ ಹೇಳಿಕೊಳ್ಳಲಾರೆ. ಅವಳು ಹಾಗೆ ಬರೆದಿಲ್ಲ.

ನಾನು ಸಭೆಯಲ್ಲಿಲ್ಲದ ಕಾರಣ ಇದು. ನೀವು ಇದನ್ನು ಕೇಳುವ ಹೊತ್ತಿಗೆ ನಾನು ಗುಳೇದಗುಡ್ಡದ ಬಸ್ಸಿನಲ್ಲಿರುತ್ತೇನೆ. ಅವಳು ಬನ್ನಿ ಎಂದು ಕರೆದಿಲ್ಲ. ಆ ಪತ್ರದಲ್ಲಿ ಒಮ್ಮೆ ಕರೆದಿದ್ದಳು. ನಾಲ್ಕು ತಿಂಗಳು ತಡವಾಗಿ ಹೋಗುತ್ತಿದ್ದೇನೆ. ಬಾಗಿಲು ತೆರೆದರೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ. ತೆರೆಯದಿದ್ದರೆ ಜಗುಲಿಯ ಮೇಲೆ.

ಮಕ್ಕಳೇ, ದುಃಖವನ್ನು ನಿಮಗೆ ಒಪ್ಪಿಸಿ ನಾನು ಊರಿಗೆ ಹೊರಟೆನೆಂದು ತಿಳಿಯಬೇಡಿ. ನಿಮ್ಮ ಮೇಲೆ ನನಗೆ ಭರವಸೆ ಇರುವುದರಿಂದಲೇ ಈ ಪತ್ರಗಳನ್ನು ಬಿಚ್ಚಿಟ್ಟೆ. ಬಂದೇ ಬರುತ್ತೇನೆಂದು ನನಗೆ ಮಾತು ಕೊಟ್ಟ ಸಿರಿ ಈ ಸಭೆಯಲ್ಲಿದ್ದಾಳೆ. ಇಂದು ಅಂಗಡಿಗೆ ಹೋಗದೆ ಇಲ್ಲಿಗೆ ಬಂದಿದ್ದಾಳೆ. ಹಾಗೆ ಬರಲು ಧೈರ್ಯ ಬೇಕು. ಅವಳ ಜೊತೆ ಅದೇ ಅಂಗಡಿಯ ಇನ್ನೂ ಆರು ಜನರಿದ್ದಾರೆ. ಪ್ರಿಯಾಂಕಾ ಮತ್ತು ಗುರುಸಿದ್ದ ಕೂಡ ಬಂದಿದ್ದಾರೆ. ಅವರು ನನ್ನ ವಿದ್ಯಾರ್ಥಿಗಳಾಗಿರಲಿಲ್ಲ, ಅದಕ್ಕೇ ಸಮಯಕ್ಕೆ ಸರಿಯಾಗಿ ಮಾಡಬೇಕಾದ್ದನ್ನು ಮಾಡಿದರು. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಮೇಜಿನ ಮೇಲೆ ಎರಡು ಕಟ್ಟುಗಳಿವೆ. ಒಂದರಲ್ಲಿ ನಿಮ್ಮ ನಲವತ್ತಮೂರು ಜನರಿಗೂ ಹೊಸದಾಗಿ ಬರೆದ ಪರಿಚಯಪತ್ರಗಳು. ಕೊನೆಯ ಸಾಲು ಈಗ ಹೀಗಿದೆ: "ಇವಳಿಗೆ ಕೆಲಸ ಗೊತ್ತು. ಆಗದು ಎಂದಾಗ ಆಗದು ಎನ್ನುವಳು, ಅದನ್ನು ಕೇಳಿಸಿಕೊಳ್ಳಿ." ನಾಳೆ ನೀವು ಕೆಲಸ ಮಾಡುವಲ್ಲಿ ಹಳೆಯದನ್ನು ತೆಗೆಸಿ ಇದನ್ನು ಇಡಿಸಿ. ಎರಡನೆಯ ಕಟ್ಟಿನಲ್ಲಿ ಭಾಗ್ಯಜ್ಯೋತಿ ಆಗಸ್ಟಿನಲ್ಲಿ ಬರೆದ ಅರ್ಜಿಯ ಪ್ರತಿಗಳಿವೆ, ಪ್ರಿಯಾಂಕಾ ತೆಗೆದಿಟ್ಟಿದ್ದಳು. ಒಂದಕ್ಷರವನ್ನೂ ಬದಲಿಸಿಲ್ಲ. ನಾಲ್ಕು ಸಹಿಗಳನ್ನು ಹೊಡೆದುಹಾಕಿದ ಗೆರೆಗಳು ಹಾಗೆಯೇ ಇವೆ. ಅವುಗಳ ಕೆಳಗೆ ನಾನು ಸಹಿ ಮಾಡಿದ್ದೇನೆ. ಅದರ ಕೆಳಗೆ ಜಾಗ ಬೇಕಾದಷ್ಟಿದೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ, ಅದು ಅನಂತರಾಮು ಅವರ ಕೈ ಸೇರಬೇಕು. ಆಮೇಲೆ ಪಕ್ಕದ ಅಂಗಡಿ. ಆಮೇಲೆ ಅದರ ಪಕ್ಕದ್ದು.

ಕೊಠಡಿಯಲ್ಲಿ ಬೆಂಚುಗಳು ಸಾಲದೆ ಕೆಲವರು ಗೋಡೆಗೊರಗಿ ನಿಂತಿರುತ್ತೀರಿ. ನನಗೆ ಗೊತ್ತು, ಪ್ರತಿ ವರ್ಷವೂ ಹಾಗೆಯೇ. ಸ್ವಲ್ಪ ಸರಿದು ಜಾಗ ಮಾಡಿಕೊಡಿ. ಯಾರೂ ನಿಂತಿರುವುದು ಬೇಡ. ಎಲ್ಲರೂ ಕುಳಿತುಕೊಳ್ಳಿ.

ಕುಳಿತಿರಾ? ಪೆನ್ನು ತೆಗೆಯಿರಿ. ಮೊದಲ ಸಹಿ ಸಿರಿಯದಾಗಲಿ. ಶುರು ಮಾಡಿ.

ನಿಮ್ಮ
ವಾರಿಜಾ